ಮನೆ ಏಳುವ ಮೊದಲೇ ತಕರಾರು

ಲಂಡನ್‌ನ ದಕ್ಷಿಣಕ್ಕಿರುವ ಸರ್ರೆ ಕೌಂಟಿಯಲ್ಲಿ ನನ್ನ ವಾಸ. ಈ ಕೌಂಟಿಯ ಹೆಚ್ಚುಕಡಿಮೆ ಮುಕ್ಕಾಲು ಪಾಲು ಗ್ರೀನ್ ಬೆಲ್ಟ್, ಅಂದರೆ ಸುಲಭಕ್ಕೆ ಮನೆ ಏಳದಂತೆ ಊರಿನ ಸುತ್ತ ಕಾಯ್ದಿಟ್ಟ ಬಯಲು. ನಮ್ಮ ಊರಿಗೂ ಪಕ್ಕದ ಊರಿಗೂ ನಡುವೆ ಇರುವ ಹೊಲದಲ್ಲಿ ಮನೆ ಕಟ್ಟುತ್ತೇವೆ ಅಂತ ಬಿಲ್ಡರ್ ಒಬ್ಬರು ಕೌನ್ಸಿಲ್‌ಗೆ, ಅಂದರೆ ಇಲ್ಲಿನ ಸ್ಥಳೀಯ ಆಡಳಿತಕ್ಕೆ, ಅರ್ಜಿ ಹಾಕಿದ್ದಾರೆ. ಹೊಲದ ಪಕ್ಕದ ದೀಪದ ಕಂಬಕ್ಕೆ ನೋಟಿಸ್ ಕಟ್ಟಿದ್ದಾರೆ. ಆಕ್ಷೇಪಣೆಗೆ 21 ದಿನ ಕಾಲಾವಕಾಶ. ನಾನೂ ಒಂದು ಬರೆದು ಹಾಕಿದ್ದೇನೆ.

ಗ್ರೀನ್ ಬೆಲ್ಟ್ ಅಂದರೆ ದಟ್ಟ ಕಾಡು ಅಂದುಕೊಳ್ಳಬೇಡಿ. ಗಾಲ್ಫ್ ಮೈದಾನ, ಕುದುರೆ ಮೇಯುವ ಬಯಲು, ಸುಮ್ನೆ ಪಾಳು ಬಿದ್ದ ಜಾಗ, ಎಲ್ಲವೂ ಅದರಲ್ಲಿದೆ. ಊರು ಬೆಳೆಯುತ್ತಾ ಹೋಗಿ ಪಕ್ಕದ ಊರಿಗೆ ಅಂಟಿಕೊಳ್ಳಬಾರದು ಅನ್ನುವುದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದು. ಲಂಡನ್ ಸುತ್ತ ಬಯಲು ಉಳಿಸಿಕೊಳ್ಳಲು 1938ರಲ್ಲೇ ಕಾಯ್ದೆ ಬಂತು. 1955ರಲ್ಲಿ ಸರ್ಕಾರ ಬೇರೆ ನಗರಗಳಿಗೂ ಇದನ್ನೇ ಮಾಡಿ ಎಂದು ಸುತ್ತೋಲೆ ಕಳಿಸಿತು. ಈಗ ಇಂಗ್ಲೆಂಡಿನ ನೆಲದ ಎಂಟನೇ ಒಂದು ಭಾಗ ಹೀಗೆ ಕಾಯ್ದಿಟ್ಟದ್ದು.

ಆಕ್ಷೇಪಣೆ ಬರೆಯುವುದಕ್ಕೂ ಇಲ್ಲಿ ಒಂದು ಶಿಸ್ತು ಇದೆ. ನನ್ನ ಮನೆಯ ಬೆಲೆ ಬಿದ್ದುಹೋಗುತ್ತದೆ, ಕಿಟಕಿಯಿಂದ ಕಾಣುವ ನೋಟ ಹಾಳಾಗುತ್ತದೆ ಅಂತ ಬರೆದರೆ ಅದು ಲೆಕ್ಕಕ್ಕಿಲ್ಲ. ರಸ್ತೆಯಲ್ಲಿ ವಾಹನ ಜಾಸ್ತಿಯಾಗುತ್ತದೆ, ಮಳೆನೀರಿಗೆ ಹೋಗಲು ದಾರಿಯಿಲ್ಲ, ಎರಡು ಊರುಗಳ ನಡುವಿನ ಬಯಲು ಮುಚ್ಚಿಹೋಗುತ್ತದೆ ಅಂದರೆ ಅಧಿಕಾರಿ ತನ್ನ ವರದಿಯಲ್ಲಿ ಅದನ್ನು ಪರಿಶೀಲಿಸಲೇಬೇಕು. ನನ್ನದು ಈ ಕೊನೆಯ ಕಾರಣ. ಅರ್ಜಿ ತೀರ್ಮಾನಿಸುವ ಕೌನ್ಸಿಲ್ ಸಭೆಯಲ್ಲಿ ಮಾತಾಡಲು ಸಾಮಾನ್ಯವಾಗಿ ಮೂರು ನಿಮಿಷ ಕೊಡುತ್ತಾರೆ. ಹಾಗಂತ ಎಲ್ಲವೂ ಜನರ ಪರ ಅಂದುಕೊಳ್ಳಬೇಡಿ. ಕೌನ್ಸಿಲ್ ಬೇಡ ಅಂದರೆ ಬಿಲ್ಡರ್ ಮೇಲ್ಮನವಿ ಹಾಕಬಹುದು. ಕೌನ್ಸಿಲ್ ಹೂಂ ಅಂದರೆ ನಮಗೆ ಆ ಹಕ್ಕಿಲ್ಲ. ಕೋರ್ಟ್ ಮೆಟ್ಟಿಲು ಹತ್ತಬೇಕು ಅಷ್ಟೇ, ಅದೂ ಕಾನೂನಿನ ತಪ್ಪು ಆಗಿದ್ದರೆ ಮಾತ್ರ.

ಬೆಂಗಳೂರಿಗೂ ಗ್ರೀನ್ ಬೆಲ್ಟ್ ಇತ್ತು, ಈಗಲೂ ಮಾಸ್ಟರ್ ಪ್ಲಾನಿನ ನಕ್ಷೆಯಲ್ಲಿ ಹಸಿರು ಬಣ್ಣ ಇದೆ. ಭೂಬಳಕೆ ಬದಲಿಸುವ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆ ಕೇಳಬೇಕು ಅಂತ ನಮ್ಮ ಕಾಯ್ದೆಯೂ ಹೇಳುತ್ತದೆ. ಆ ಸಣ್ಣ ಅಕ್ಷರದ ಪ್ರಕಟಣೆ ಓದಿದವರು ನನಗಂತೂ ಯಾರೂ ಸಿಕ್ಕಿಲ್ಲ. ಅದರ ಗೊಡವೆಯೇ ಇಲ್ಲದೆ ರೆವಿನ್ಯೂ ಸೈಟ್ ಮಾರುವುದು ಇನ್ನೊಂದು ದಾರಿ. ಭೂಬಳಕೆ ಬದಲಿಸದ ಕೃಷಿ ಜಮೀನಿಗೇ ಕಲ್ಲು ನೆಟ್ಟು, ಮೂವತ್ತು-ನಲವತ್ತು ಅಂತ ಅಳೆದು ಮಾರುತ್ತಾರೆ. ಕೊಂಡವರು ಸಾಲ ಮಾಡಿ ಮನೆ ಕಟ್ಟುತ್ತಾರೆ. ಆಮೇಲೆ ಕರೆಂಟ್ ಬರುತ್ತದೆ, ಬೋರ್‌ವೆಲ್ ಬರುತ್ತದೆ, ನಿಯಮ ಮೀರಿದ ಆಸ್ತಿಗೂ ತೆರಿಗೆ ಕಟ್ಟಿಸಿಕೊಳ್ಳುವ ಬಿ ಖಾತಾ ಬರುತ್ತದೆ. ಕೊನೆಗೆ ಇಂಥದ್ದನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆಯನ್ನು ಸರ್ಕಾರವೇ ತಂದಿತು. 2017ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು.

ಈ ಹೊತ್ತಿಗೆ ಯಾರಾದರೂ ಆಕ್ಷೇಪಣೆ ಎತ್ತಿದರೆ ಅದು ಯಾರ ವಿರುದ್ಧ ಆಗುತ್ತದೆ? ಲೇಔಟ್ ಮಾಡಿದವನು ದುಡ್ಡು ಎಣಿಸಿಕೊಂಡು ಹೋಗಿಯಾಗಿದೆ. ಉಳಿದಿರುವುದು ಮಕ್ಕಳನ್ನು ಕಟ್ಟಿಕೊಂಡು ಆ ಮನೆಯಲ್ಲಿ ಇರುವ ಸಂಸಾರ. ಅವರನ್ನು ಎಬ್ಬಿಸಿ ಅನ್ನುವುದಕ್ಕೆ ಯಾರಿಗೂ ಬಾಯಿ ಬರುವುದಿಲ್ಲ, ಬರಲೂಬಾರದು. ಇಲ್ಲಿ ಸರ್ರೆಯಲ್ಲಿ ನಾನು ಒಂದು ನಕ್ಷೆಯ ವಿರುದ್ಧ ಬರೆದಿದ್ದೇನೆ. ಯಾರ ಅಡುಗೆಮನೆಯೂ ಇನ್ನೂ ಎದ್ದಿಲ್ಲ.

ಆದರೆ ಈ ಅನುಕೂಲಕ್ಕೆ ಒಂದು ಕೆಟ್ಟ ಮಗ್ಗುಲೂ ಇದೆ. ಆ ಮನೆಗಳಿಗೆ ಬರಬೇಕಾದವರು ಯಾರೆಂದು ಯಾರಿಗೂ ಗೊತ್ತಿಲ್ಲ, ಹಾಗಾಗಿ ಅವರ ಪತ್ರ ಫೈಲಿನಲ್ಲಿ ಇರುವುದೇ ಇಲ್ಲ. ಬರೆಯುವವರೆಲ್ಲ ನನ್ನ ಹಾಗೆ ಆಗಲೇ ಮನೆ ಇರುವವರು. ಇಲ್ಲಿನ ಹುಡುಗ ಹುಡುಗಿಯರು ಮೂವತ್ತು ದಾಟಿದರೂ ಬಾಡಿಗೆ ಕಟ್ಟುತ್ತಾ ಇರುವುದಕ್ಕೆ ನಮ್ಮಂಥವರ ಪತ್ರಗಳ ಪಾಲೂ ಇದೆ. 15 ಲಕ್ಷ ಮನೆ ಕಟ್ಟುತ್ತೇವೆ ಅಂತ ಲೇಬರ್ ಸರ್ಕಾರ ಹೊರಟಿರುವುದು ಇದಕ್ಕೇ. 2024ರ ಡಿಸೆಂಬರ್‌ನಲ್ಲಿ ಅದು 'ಗ್ರೇ ಬೆಲ್ಟ್' ಅನ್ನುವ ಹೊಸ ವಿಭಾಗ ತಂದಿತು. ಗ್ರೀನ್ ಬೆಲ್ಟಿನ ಒಳಗೇ ಇದ್ದರೂ ಊರುಗಳನ್ನು ಬೇರೆ ಇಡುವಂಥ ಕೆಲಸವನ್ನು ಅಷ್ಟಾಗಿ ಮಾಡದ ಜಾಗ ಅದು. ಹಳೇ ಕಾರ್ ಪಾರ್ಕ್, ಮುಚ್ಚಿದ ಗ್ಯಾರೇಜಿನ ಅಂಗಳ ಇಂಥವು. ನನಗೆ ಈ ಯೋಚನೆ ಒಪ್ಪಿಗೆ. ನಮ್ಮ ಬಿಲ್ಡರ್ ಈ ಹೊಲವನ್ನೂ ಗ್ರೇ ಬೆಲ್ಟ್ ಅನ್ನುತ್ತಿದ್ದಾರೆ, ತಕರಾರು ಅದಕ್ಕೆ. ಎರಡು ಊರುಗಳ ನಡುವೆ ಉಳಿದಿರುವ ಬಯಲು ಅದೊಂದೇ.

ಅದಕ್ಕೇ ನನ್ನ ಪತ್ರದಲ್ಲಿ ಬೇಡ ಅಂತಷ್ಟೇ ಬರೆಯಲಿಲ್ಲ. ಸ್ಟೇಷನ್ ಹಿಂದೆ ಖಾಲಿ ಬಿದ್ದಿರುವ ಗೋದಾಮಿನ ಜಾಗದಲ್ಲಿ ನಾಲ್ಕು ಮಹಡಿ ಎಬ್ಬಿಸಿ, ನಾನು ಅದರ ಪರವಾಗಿ ಬಂದು ಮಾತಾಡುತ್ತೇನೆ ಅಂತಲೂ ಸೇರಿಸಿದೆ. ನಮ್ಮ ಬೀದಿಯ ಒಬ್ಬರಿಗೆ ಇದು ಸರಿಬಂದಿಲ್ಲ. ಅವರ ಮನೆ ಇರುವುದು ಸ್ಟೇಷನ್ ಕಡೆಗೆ.