ಲಕ್ಯಾ ಡ್ಯಾಮ್ ಅಲುಗುತ್ತಿದೆಯೇ? ಅಳೆದು ನಮಗೂ ಹೇಳಿ

ಕುದುರೆಮುಖದಲ್ಲಿ ಗಣಿ ನಿಂತಿದ್ದು 2005ರ ಕೊನೆಗೆ. ಆದರೆ ಅದಿರು ತೆಗೆದ ಮೇಲೆ ಉಳಿದ ಹೂಳು ಇವತ್ತಿಗೂ ಲಕ್ಯಾ ಡ್ಯಾಮ್ ಹಿಂದೆಯೇ ಕೂತಿದೆ. ಅದರ ಬಗ್ಗೆ ನಾವು ಮಾತಾಡುವುದೇ ಕಡಿಮೆ.

2019ರ ಜನವರಿಯಲ್ಲಿ ಬ್ರೆಜಿಲ್‌ನ ಬ್ರುಮಾಡಿನ್ಹೊದಲ್ಲಿ ಕಬ್ಬಿಣದ ಗಣಿಯ ಹೂಳು ತುಂಬಿದ್ದ ಅಣೆಕಟ್ಟು ಒಡೆದು 270 ಜನ ಸತ್ತರು. ಆಮೇಲೆ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ತಂಡ ಹಳೆಯ ಉಪಗ್ರಹ ರೇಡಾರ್ ಚಿತ್ರಗಳನ್ನು ಹೋಲಿಸಿ ನೋಡಿತು. ಒಡೆಯುವ ಮುಂಚಿನ ವಾರಗಳಲ್ಲೇ ಅಣೆಕಟ್ಟು ಸರಿಯುವ ವೇಗ ಜಾಸ್ತಿಯಾಗಿತ್ತು. ಲಕ್ಯಾ ಕೂಡ ಹಾಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ, ಎರಡನ್ನೂ ಕಟ್ಟಿದ ರೀತಿಯೇ ಬೇರೆ. ಅಳೆದು ಹೇಳಿ ಅಂತ ಮಾತ್ರ ಕೇಳುತ್ತಿದ್ದೇನೆ.

ಉಪಗ್ರಹ ನೆಲಕ್ಕೆ ರೇಡಾರ್ ಅಲೆ ಬಿಟ್ಟು, ವಾಪಸ್ ಬಂದದ್ದನ್ನು ದಾಖಲಿಸುತ್ತದೆ. ಕೆಲವು ದಿನ ಬಿಟ್ಟು ಅದೇ ದಾರಿಯಲ್ಲಿ ಮತ್ತೆ ಬರುತ್ತದೆ. ಎರಡೂ ಸಲದ ಅಲೆಗಳನ್ನು ಹೋಲಿಸಿದರೆ ನೆಲ ಒಂದೆರಡು ಸೆಂಟಿಮೀಟರ್ ಕುಸಿದಿದ್ದರೂ ಗೊತ್ತಾಗುತ್ತದೆ. ಮೋಡ, ಕತ್ತಲು ಯಾವುದೂ ಅಡ್ಡಿಯಲ್ಲ.

ನಮ್ಮ ಕಡೆ ಅಡ್ಡಿ ಅಂದರೆ ಮರ. ಯುರೋಪಿನ ಸೆಂಟಿನೆಲ್-1 ಉಪಗ್ರಹದ ಡೇಟಾ ಎಷ್ಟೋ ವರ್ಷಗಳಿಂದ ಉಚಿತವಾಗಿ ಸಿಗುತ್ತಿದೆ. ಆದರೆ ಅದರ ಅಲೆ ಐದೂವರೆ ಸೆಂಟಿಮೀಟರ್ ಉದ್ದ. ಕಾಫಿ ತೋಟದ ಸಿಲ್ವರ್ ಓಕ್, ಹಲಸಿನ ಎಲೆಗಳಿಗೇ ತಾಗಿ ಹೆಚ್ಚಿನದು ಹಿಂದೆ ಹೋಗುತ್ತದೆ. ಎಲೆ ಅಲ್ಲಾಡುತ್ತದೆ, ಉದುರುತ್ತದೆ, ಚಿಗುರುತ್ತದೆ. ಮುಂದಿನ ಸಲ ಹೋಲಿಸೋಣ ಅಂದರೆ ಲೆಕ್ಕವೇ ಕೂಡುವುದಿಲ್ಲ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋದ ನಾಸಾ-ಇಸ್ರೋ ಜಂಟಿ ಉಪಗ್ರಹ ನಿಸಾರ್‌ನಲ್ಲಿ 24 ಸೆಂಟಿಮೀಟರ್ ಅಲೆಯ ರೇಡಾರ್ ಇದೆ. ಎಲೆ ದಾಟಿ ಕಾಂಡ, ನೆಲದವರೆಗೆ ಹೋಗುವ ಶಕ್ತಿ ಅದಕ್ಕೆ ಜಾಸ್ತಿ. 12 ದಿನಕ್ಕೊಮ್ಮೆ ಅದೇ ದಾರಿಗೆ ಮರಳುತ್ತದೆ. ಮಲೆನಾಡಿಗೆ ಬೇಕಿದ್ದದ್ದು ಇದೇ ಅಲ್ವಾ?

ಕ್ವಾರಿ ಬ್ಲಾಸ್ಟಿಂಗ್‌ನಿಂದ ಗೋಡೆ ಬಿರುಕು ಬಿಟ್ಟವರು ಒಂದು ವಿಷಯ ತಿಳಿದಿರಬೇಕು. ಆ ಕ್ಷಣದ ಅದುರುವಿಕೆ ರೇಡಾರ್‌ಗೆ ಸಿಗುವುದಿಲ್ಲ. ಅದಕ್ಕೆ ನೆಲದ ಮೇಲೆ ಕಂಪನಮಾಪಕವೇ ಬೇಕು. ಕೆಜಿಎಫ್‌ನಲ್ಲಿ ಗಣಿಯೊಳಗೆ ಬಂಡೆ ಸಿಡಿದದ್ದನ್ನು ಹಾಗೇ ಗುರುತಿಸುತ್ತಿದ್ದರು. ಪೋಲೆಂಡಿನ ತಾಮ್ರದ ಗಣಿಗಳ ಸುತ್ತ ಎರಡನ್ನೂ ಒಟ್ಟಿಗೆ ಬಳಸುತ್ತಾರೆ. ಯಾವಾಗ ಅದುರಿತು ಅಂತ ಮಾಪಕ ಹೇಳುತ್ತದೆ, ನೆಲ ಎಷ್ಟು ಕುಸಿಯಿತು ಅಂತ ರೇಡಾರ್.

ನನಗೆ ಸಿಟ್ಟಿರುವುದು ಮುಚ್ಚಿಡುವುದರ ಮೇಲೆ. 2023ರ ಜನವರಿಯಲ್ಲಿ ಉತ್ತರಾಖಂಡದ ಜೋಶಿಮಠ ಪಟ್ಟಣ 12 ದಿನಗಳಲ್ಲಿ 5.4 ಸೆಂಟಿಮೀಟರ್ ಕುಸಿದಿದೆ ಅಂತ ಇಸ್ರೋದ ಕೇಂದ್ರ ಪ್ರಕಟಿಸಿತು. ಸ್ವಲ್ಪ ದಿನದಲ್ಲೇ ವೆಬ್‌ಸೈಟ್‌ನಿಂದ ಅದು ಮಾಯವಾಯಿತು. ಜನ ಗಾಬರಿಯಾಗುತ್ತಾರಂತೆ. ಬಿರುಕು ಬಿಟ್ಟ ಮನೆಯಲ್ಲಿ ಮಲಗುವವರಿಗೆ ಅಂಕಿ ಗೊತ್ತಾಗದಿದ್ದರೆ ಗಾಬರಿ ಕಡಿಮೆಯಾಗುತ್ತದೆಯೇ?

ಪ್ರತಿ ವರ್ಷ ಮಳೆ ಹಿಡಿಯುವ ಮೊದಲೇ ಲಕ್ಯಾ ಡ್ಯಾಮ್, ಶಿರಾಡಿ ಘಾಟಿ, 2019ರಲ್ಲಿ ಗುಡ್ಡ ಜರಿದ ಮೂಡಿಗೆರೆ ಭಾಗದ ಅಳತೆ ಕನ್ನಡದಲ್ಲಿ ಬರಲಿ. ಪಂಚಾಯಿತಿ ನೋಟಿಸ್ ಬೋರ್ಡಿಗೆ ಹಾಕಲಿ. ಮುಂದಿನ ಗ್ರಾಮಸಭೆಯಲ್ಲಿ ನಾನು ಇದನ್ನೇ ಬರೆದು ಕೊಡುತ್ತಿದ್ದೇನೆ. ಕಳಸ, ಮೂಡಿಗೆರೆ, ಸಕಲೇಶಪುರದವರು ನಿಮ್ಮ ಊರಲ್ಲೂ ಕೊಡಿ. ಅರ್ಜಿಯ ಪ್ರತಿ ಬೇಕಿದ್ದರೆ ಕೇಳಿ, ಕಳಿಸುತ್ತೇನೆ.