ಎಂಟು ವರ್ಷಕ್ಕೆ ಕತೆ ಯಾಕೆ ನಿಲ್ಲಬೇಕು?

ಬಾದಾಮಿಗೆ ಶಾಲೆಯಿಂದ ಪ್ರವಾಸ ಬರುವ ಮಕ್ಕಳಿಗೆ ನಾವು ಏನು ಹೇಳುತ್ತೇವೆ? ಚಾಲುಕ್ಯರು, ಮಂಗಳೇಶ, ಮೂರನೇ ಗುಹೆ, ಕ್ರಿ.ಶ. 578. ಬರೆದುಕೊಳ್ಳಿ, ಸಾಲಾಗಿ ಮುಂದೆ ನಡೆಯಿರಿ. ಅದೆಲ್ಲ ಬೇಕು, ಬೇಡ ಅನ್ನುವುದಿಲ್ಲ. ಆದರೆ ಕೆಳಗೆ ಅಗಸ್ತ್ಯ ತೀರ್ಥ ಹೊಂಡ ಕಣ್ಣೆದುರೇ ಇರುವಾಗ ರಾಕ್ಷಸ ಅಣ್ಣತಮ್ಮಂದಿರಾದ ವಾತಾಪಿ, ಇಲ್ವಲರ ಕತೆಯನ್ನು ಪೂರ್ತಿ ಹೇಳುವವರು ಎಷ್ಟು ಜನ? ಊರಿನ ಹಳೆಯ ಹೆಸರೇ ವಾತಾಪಿ ಅಲ್ವಾ?

ನಾನು ಬಾದಾಮಿ ತಾಲ್ಲೂಕಿನವನು. ಈಗ ಇರುವುದು ಜರ್ಮನಿಯ ಕಾಸೆಲ್‌ನಲ್ಲಿ. ಜರ್ಮನ್ ಜನಪದ ಕತೆಗಳನ್ನು ಕೂಡಿಸಿದ ಗ್ರಿಮ್ ಸಹೋದರರು ಬಹಳ ಕಾಲ ಬಾಳಿದ ಊರು ಇದು. ಅವರ ಕತೆಗಳ ಮೊದಲ ಸಂಪುಟ ಬಂದದ್ದು 1812ರಲ್ಲಿ. ಅವರು ಹುಟ್ಟಿದ ಹನಾವ್‌ನಿಂದ ಬ್ರೆಮೆನ್‌ವರೆಗೆ ಸುಮಾರು 600 ಕಿಲೋಮೀಟರ್ ಉದ್ದದ 'ಕತೆಗಳ ದಾರಿ'ಯನ್ನೇ 1975ರಲ್ಲಿ ಗುರುತಿಸಿಟ್ಟಿದ್ದಾರೆ. ಆ ದಾರಿಯ ಮೇಲೆ ಹಾಮೆಲ್ನ್ ಎಂಬ ಊರಿದೆ. 1284ರ ಜೂನ್ 26ರಂದು 130 ಮಕ್ಕಳು ಊರಿನ ಇಲಿಗಳನ್ನು ತೊಲಗಿಸಿದ ಕೊಳಲಿನವನ ಹಿಂದೆ ಹೋಗಿ ಕಾಣೆಯಾದರು ಅನ್ನುವುದು ಅಲ್ಲಿನ ಕತೆ. ಮಕ್ಕಳು ಹೋದರೆನ್ನುವ ಓಣಿಯಲ್ಲಿ ಇವತ್ತಿಗೂ ವಾದ್ಯ ಬಾರಿಸುವಂತಿಲ್ಲ. ಮದುವೆ ಮೆರವಣಿಗೆ ಬಂದರೂ ಆ ಓಣಿ ದಾಟುವ ತನಕ ಬಾಜಾ ಬಂದ್. ನಾವು ಹೋದಾಗ ನನ್ನ ಮಗ ತಾನಾಗಿಯೇ ಶೀಟಿ ಹೊಡೆಯುವುದನ್ನು ನಿಲ್ಲಿಸಿದ. ಆಚೆ ಬೀದಿಗೆ ಬಂದ ಮೇಲೆ ಮತ್ತೆ ಶುರು ಮಾಡಿದ. ಯಾರೂ ಅವನಿಗೆ ಹೇಳಿರಲಿಲ್ಲ.

ಆದರೆ ನಾನು ಹೇಳಬೇಕೆಂದಿರುವುದು ಪ್ರವಾಸೋದ್ಯಮದ ಮಾತಲ್ಲ. ಪುಸ್ತಕದ ಮಾತು.

ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗೆಂದೇ ಇಲ್ಲಿ ಒಂದು ಬಗೆಯ ಸಾಹಸ ಕಾದಂಬರಿಗಳು ಸಿಗುತ್ತವೆ. ಒಬ್ಬ ಹುಡುಗನೋ ಹುಡುಗಿಯೋ ಹೇಗೋ ಹಳೆಯ ಕತೆಗಳ ಲೋಕದೊಳಗೆ ಬಿದ್ದುಬಿಡುತ್ತಾರೆ. ಕೆಂಪು ಟೋಪಿ ಹುಡುಗಿಯ ತೋಳ, ನೂರು ವರ್ಷ ಮಲಗಿದ ರಾಜಕುಮಾರಿ, ತಿಂಡಿಯ ಮನೆ ಕಟ್ಟಿಕೊಂಡು ಕೂತ ಮಾಟಗಾತಿ, ಎಲ್ಲರೂ ಅಲ್ಲಿದ್ದಾರೆ. ಓದುವ ಮಗುವಿಗೆ ಇವರೆಲ್ಲ ಮೊದಲೇ ಗೊತ್ತು. ಹಾಗಾಗಿ ಕತೆ ಎಲ್ಲಿ ದಾರಿ ತಪ್ಪಿತು ಅನ್ನುವುದು ಥಟ್ಟನೆ ಹೊಳೆಯುತ್ತದೆ. ತೋಳ ಒಳ್ಳೆಯದಾಗಿದ್ದರೆ? ರಾಜಕುಮಾರಿ ಏಳಲ್ಲ ಅಂದರೆ? ನಾಲ್ಕು ವರ್ಷದಲ್ಲಿ ತೊಡೆ ಮೇಲೆ ಕೂತು ಕೇಳಿದ ಕತೆ ಹತ್ತನೇ ವರ್ಷಕ್ಕೆ ದೊಡ್ಡದಾಗಿ, ಭಯ ಹುಟ್ಟಿಸುವ ಹಾಗೆ ಮತ್ತೆ ಕೈಗೆ ಬರುತ್ತದೆ.

ನಮ್ಮಲ್ಲಿ ಹೀಗೆ ಆಗುವುದು ಕಡಿಮೆ. ಕಾಗಕ್ಕ ಗುಬ್ಬಕ್ಕ, ಪುಣ್ಯಕೋಟಿ ಎಲ್ಲ ಮಕ್ಕಳಿಗೂ ಗೊತ್ತು. ಆದರೆ ಮೂರನೇ ಕ್ಲಾಸು ದಾಟುತ್ತಿದ್ದಂತೆ ಅವು ಸಣ್ಣವರ ಕತೆಗಳಾಗಿಬಿಡುತ್ತವೆ. ಆಮೇಲೆ ನವೋದಯ, ಸೈನಿಕ ಶಾಲೆ, ಕೋಚಿಂಗ್. ನನ್ನ ಅಣ್ಣನ ಮಗಳು ಈಗ ಅದೇ ಗಾಣದಲ್ಲಿದ್ದಾಳೆ. ಅಣ್ಣನದು ತಪ್ಪು ಅನ್ನಲಾರೆ, ಸೀಟು ಸಿಗುವುದು ಸುಲಭವಲ್ಲ. ಆದರೆ ದಿನಕ್ಕೆ ಅರ್ಧ ಗಂಟೆ ಕತೆ ಓದಿದರೆ ಯಾವ ಸೀಟೂ ಹೋಗುವುದಿಲ್ಲ.

ಅವಳಿಗೆ ಇಲ್ವಲನ ಕತೆಯನ್ನು ಬಿಡಿಸಿ ಹೇಳಿದೆ. ವಾತಾಪಿ ಟಗರಾಗುವುದು, ಇಲ್ವಲ ಅದನ್ನು ಕೊಯ್ದು ಅಡಿಗೆ ಮಾಡಿ ಅತಿಥಿಗೆ ಬಡಿಸುವುದು, ಊಟ ಮುಗಿದ ಮೇಲೆ "ವಾತಾಪಿ, ಹೊರಗೆ ಬಾ" ಅನ್ನುವುದು, ಅವನು ಹೊಟ್ಟೆ ಸೀಳಿಕೊಂಡು ಬರುವುದು. ಅಗಸ್ತ್ಯರು ಮಾತ್ರ ಅವನನ್ನು ಜೀರ್ಣ ಮಾಡಿಕೊಂಡುಬಿಟ್ಟರು. ಅವಳು ಕೇಳಿದಳು: "ಕಾಕಾ, ಅಗಸ್ತ್ಯರು ಬರೂಕಿಂತ ಮೊದಲ ಅವರ ಮನ್ಯಾಗ ಒಂದು ಹುಡುಗಿ ಊಟಕ್ಕ ಕೂತಿದ್ರ? ಆಕಿಗೆ ಕತಿ ಮೊದಲ ಗೊತ್ತಿದ್ರ?" ನೋಡಿ, ಒಂದು ಇಡೀ ಕಾದಂಬರಿ ಆ ಪ್ರಶ್ನೆಯಲ್ಲೇ ಇದೆ.

ನಮ್ಮ ಭಾಗದಲ್ಲಿ ಸರಕಿಗೇನು ಬರವೇ? ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಹಾಡುಗಳನ್ನು ಬರೆದುಕೊಂಡು 1931ರಲ್ಲೇ 'ಗರತಿಯ ಹಾಡು' ತಂದರು. ಬೆಳಗಾವಿಯಲ್ಲಿ ಮೇಷ್ಟರಾಗಿದ್ದ ಎ. ಕೆ. ರಾಮಾನುಜನ್ ಕನ್ನಡದ ಅಜ್ಜಿಕತೆಗಳನ್ನು ಕೂಡಿಸಿದರು. ಅದರಲ್ಲಿ ಹೂವಿನ ಮರವಾಗುವ ಹುಡುಗಿಯ ಕತೆಯೊಂದಿದೆ. ಒಂದು ಕೊಡ ನೀರು ಸುರಿದರೆ ಅವಳು ಮರ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ನೀರಿಗೆ ಉಗುರು ತಾಕಬಾರದು. ಹೂ ಬಿಡಿಸುವಾಗ ಎಲೆ, ಕೊಂಬೆ ಮುರಿಯಬಾರದು. ಮುರಿದರೆ ಅವಳ ಮೈಯೇ ಊನ. ಮಾಯೆಗೆ ಇಷ್ಟು ಖಚಿತವಾದ ನಿಯಮ ಇದ್ದರೆ ಸಾಹಸ ಕತೆ ಬರೆಯುವವನಿಗೆ ಅರ್ಧ ಕೆಲಸ ಮುಗಿದ ಹಾಗೆ. ಈ ಕತೆ 2006ರಲ್ಲಿ ವಿಯೆನ್ನಾದಲ್ಲಿ ಒಪೆರಾ ಆಗಿ ರಂಗಕ್ಕೂ ಬಂತು. ಬಾಗಲಕೋಟೆಯ ಐದನೇ ಕ್ಲಾಸಿನ ಹುಡುಗಿಯ ಕೈಗೆ ಇದೊಂದು ಸಾಹಸ ಕತೆಯಾಗಿ ಸಿಗಬೇಕು ಅನ್ನುವುದು ನನ್ನ ಆಸೆ.

ಕತೆಗಳ ಲೋಕದೊಳಗೆ ಹೋಗುವ ಬಾಗಿಲಿಗೂ ನಾವು ಹುಡುಕಾಡಬೇಕಿಲ್ಲ. ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆ ಇದೆ. ಈ ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆ ಕಡೆ ನಿಂತವರಿಗೆ ಕೇಳುತ್ತದೆ. ಒಂದು ದಿನ ನೀವು ಹೇಳದ ಮಾತು ತಿರುಗಿ ಬಂದರೆ?

ಬರೆಯುವವರಿಗೆ ನನ್ನದೊಂದು ಕೋರಿಕೆ. ನಿರೂಪಣೆ ಹೇಗಾದರೂ ಇರಲಿ, ಮಕ್ಕಳು ಮಾತಾಡುವುದು ನಮ್ಮ ಕಡೆಯ ಮಾತಿನಲ್ಲೇ ಇರಲಿ. ಪುಸ್ತಕದ ಜೊತೆಗೆ ನಾಟಕವೂ ಆಗಲಿ. ಹಾಮೆಲ್ನ್‌ನಲ್ಲಿ ಬೇಸಿಗೆಯ ಭಾನುವಾರ ಮಧ್ಯಾಹ್ನ ಊರಿನವರೇ ಬಯಲಲ್ಲಿ ಕೊಳಲಿನವನ ಆಟ ಆಡುತ್ತಾರೆ. ಪುಟ್ಟ ಮಕ್ಕಳು ಇಲಿ ವೇಷ ಹಾಕುತ್ತಾರೆ. ನೋಡಲು ದುಡ್ಡು ಕೊಡಬೇಕಿಲ್ಲ. ನಮ್ಮ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ರಾತ್ರಿಯೆಲ್ಲ ಆಟ ಆಡುತ್ತವೆ. ಹಗಲು ಹೊತ್ತಿನಲ್ಲಿ ಅದೇ ರಂಗದ ಮೇಲೆ ಒಂದು ಗಂಟೆ ಮಕ್ಕಳದೇ ವಾತಾಪಿ ಆಟ ಆಡಿಸಬಹುದು. ಟಗರಿನ ವೇಷಕ್ಕೆ ಹುಡುಗರು ನಾ ಮುಂದು ತಾ ಮುಂದು ಅಂತ ಬರುತ್ತಾರೆ.