ಲಕ್ವಕ್ಕೆ ಸೂಜಿ ಮದ್ದಲ್ಲ

ವಾಟ್ಸಾಪ್‌ನಲ್ಲಿ ಒಂದು ಸಂದೇಶ ಮತ್ತೆ ಮತ್ತೆ ಬರುತ್ತಿದೆ. ಲಕ್ವ ಹೊಡೆದವರನ್ನು ಅಲುಗಾಡಿಸಬೇಡಿ, ಹತ್ತೂ ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆಯಿರಿ, ಬಾಯಿ ಸೊಟ್ಟಗಾಗಿದ್ದರೆ ಕಿವಿ ಎಳೆಯಿರಿ, ಚೇತರಿಸಿಕೊಂಡ ಮೇಲೆ ಆಸ್ಪತ್ರೆಗೆ ಕರೆದೊಯ್ಯಿರಿ ಎನ್ನುತ್ತದೆ ಅದು. ಇದು ಸುಳ್ಳು. ದಯವಿಟ್ಟು ಯಾರಿಗೂ ಕಳಿಸಬೇಡಿ.

ಲಕ್ವದಲ್ಲಿ ತೊಂದರೆ ಇರುವುದು ತಲೆಯೊಳಗೆ. ಹೆಚ್ಚಿನವರಲ್ಲಿ ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಂತಿರುತ್ತದೆ. ಕೆಲವರಲ್ಲಿ ನಾಳವೇ ಒಡೆದಿರುತ್ತದೆ. ಬೆರಳಿನಿಂದ ನಾಲ್ಕು ಹನಿ ತೆಗೆದರೆ ಆ ಹೆಪ್ಪು ಕರಗುವುದಿಲ್ಲ, ಒಡೆದ ನಾಳ ಕೂಡಿಕೊಳ್ಳುವುದೂ ಇಲ್ಲ. ಸುಮ್ನೆ ಸಮಯ ಹೋಗುತ್ತದೆ. ದೊಡ್ಡ ನಾಳ ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ.

ಹಾಗಾದರೆ ಸೂಜಿ ಚುಚ್ಚಿ ಗುಣವಾದವರೂ ಇದ್ದಾರಲ್ವಾ ಎಂದು ಕೇಳುತ್ತಾರೆ. ಕೆಲವು ಸಲ ಹೆಪ್ಪು ತಾನಾಗಿಯೇ ಸರಿದು ಕೈಕಾಲು ಮೊದಲಿನಂತಾಗುತ್ತದೆ. ಹೆಸರು ಬರುವುದು ಸೂಜಿಗೆ! ಅಂಥವರಿಗೆ ಮುಂದೆ ದೊಡ್ಡ ಲಕ್ವ ಹೊಡೆಯುವ ಅಪಾಯ ಜಾಸ್ತಿ. ಅವರೂ ತಡಮಾಡದೆ ಡಾಕ್ಟರನ್ನು ಕಾಣಲೇಬೇಕು.

ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು, ಯಾಕೆಂದರೆ ನಾಳ ಒಡೆದಿದ್ದರೆ ಅದೇ ಮದ್ದು ಜೀವ ತೆಗೆದೀತು. ಮನೆಯಲ್ಲಿ ಆಸ್ಪಿರಿನ್ ನುಂಗಿಸಬಾರದು ಎನ್ನುವುದೂ ಇದಕ್ಕೇ.

ಮುಖ ಒಂದು ಕಡೆ ಜೋತುಬಿತ್ತೇ, ಒಂದು ಕೈ ಸೋತಿತೇ, ಮಾತು ತೊದಲಿತೇ? ಗಡಿಯಾರ ನೋಡಿ, ಶುರುವಾದ ಹೊತ್ತು ನೆನಪಿಟ್ಟುಕೊಂಡು 108ಕ್ಕೆ ಫೋನ್ ಮಾಡಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ.